ಡಬ್ಬಿರಾಯನ ಎರಡೂವರೆ ಗಂಟೆ

ಎಂಟು ವರ್ಷದಿಂದ ಆಫೀಸಿನಲ್ಲಿ ಎಲ್ಲರೂ ಅವನನ್ನು ಡಬ್ಬಿರಾಯ ಎಂದೇ ಕರೆಯುತ್ತಿದ್ದರು. ಬಸ್ ಟಿಕೆಟ್ ಯಂತ್ರಗಳ ತಂತ್ರಾಂಶವನ್ನು ಕಂಟೇನರ್ ಇಮೇಜ್ ಎಂಬ ಡಬ್ಬಿಗೆ ತುಂಬಿ ಕಳಿಸುವುದು ಅವನ ಕೆಲಸ. ಒಂದೇ ಹೆಸರಿನಲ್ಲಿ ಎರಡು ಡಬ್ಬಿ: ದೊಡ್ಡ ಸರ್ವರ್‌ನ ಪ್ರೊಸೆಸರ್‌ಗೆ ಒಂದು, ಬಸ್ಸಿನೊಳಗಿನ ಪುಟ್ಟ ಯಂತ್ರದ ಪ್ರೊಸೆಸರ್‌ಗೆ ಇನ್ನೊಂದು. ಇದರದು ಅದಕ್ಕೆ ಆಗಿಬರುವುದಿಲ್ಲ. ಎರಡನೆಯದನ್ನು ಕಟ್ಟಲು ದೊಡ್ಡ ಸರ್ವರ್ ಪುಟ್ಟದರ ವೇಷ ಹಾಕಬೇಕು. ಅದಕ್ಕೆ ಎರಡೂವರೆ ಗಂಟೆ. ಅಷ್ಟು ಹೊತ್ತು ಡಬ್ಬಿರಾಯನೇ ರಾಜ. "ಇನ್ನೂ ಬೇಯ್ತಿದೆ" ಎಂದರೆ ಮ್ಯಾನೇಜರ್ ಕೂಡ ಬಾಯಿ ಮುಚ್ಚಿಕೊಂಡು ಕಾಯಬೇಕು.

ಹೀಗಿರುವಾಗ, ತಾನೇ ಮುಂದೆ ನಿಂತು ಕೆಲಸಕ್ಕೆ ಸೇರಿಸಿದ ನಾದಿನಿ, ಹೆಂಡತಿಯ ತಂಗಿ, ವೇಷದ ಗೊಡವೆಯೇ ಇಲ್ಲದೆ, ದೊಡ್ಡ ಸರ್ವರ್ ತನ್ನ ರೂಪದಲ್ಲೇ ಪುಟ್ಟದರ ಡಬ್ಬಿ ಕಟ್ಟುವಂತೆ ಮಾಡಿ, ಆ ಎರಡೂವರೆ ಗಂಟೆಯನ್ನು ಹನ್ನೊಂದು ನಿಮಿಷಕ್ಕೆ ಇಳಿಸಿಬಿಟ್ಟಳು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೆಂಡತಿಯೂ, "ಇಷ್ಟು ವರ್ಷ ನೀವೇನ್ ಮಾಡ್ತಿದ್ರಿ ಹಾಗಾದ್ರೆ?" ಎಂದು ನಕ್ಕಳು. ಡಬ್ಬಿರಾಯನಿಗೆ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಬೇಡ.

ಮೊಸರಿನಲ್ಲಿ ಕಲ್ಲು ಹುಡುಕುವವನಂತೆ ಅವಳು ಬರೆದದ್ದನ್ನೆಲ್ಲ ಜಾಲಾಡಿದ. ಕಲ್ಲು ಸಿಕ್ಕೇಬಿಟ್ಟಿತು! ಪುಟ್ಟ ಯಂತ್ರದ ಡಬ್ಬಿಗೆ ಅಂಟಿಸಿದ ಚೀಟಿ ಸರಿ, ಒಳಗಿರುವುದು ಮಾತ್ರ ದೊಡ್ಡ ಸರ್ವರ್‌ನ ಸರಕು. ಯಾವ ಪ್ರೊಸೆಸರ್‌ಗೆ ಎಂದು ಹೇಳುವ ಒಂದು ಸಾಲನ್ನು ಮರೆತಿದ್ದಳು. ಪರೀಕ್ಷೆ ನಡೆದದ್ದೂ ದೊಡ್ಡ ಸರ್ವರ್‌ನಲ್ಲೇ ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಳೆ ಇದು ನಾನೂರು ಬಸ್ಸಿಗೆ ಹೋದರೆ ಒಂದು ಟಿಕೆಟ್ಟೂ ಹೊರಬರುವುದಿಲ್ಲ. ಇನ್ನೂ ಖಾಯಂ ಆಗದ ಅವಳ ಕೆಲಸ ಗೋವಿಂದ. ಡಬ್ಬಿರಾಯ ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ಹೋಗಿ ಎರಡು ತುತ್ತು ಹೆಚ್ಚೇ ಉಂಡ.

ಬೆಳಿಗ್ಗೆ ಮ್ಯಾನೇಜರ್ ಕೇಳಿದರು, "ಏನಮ್ಮಾ, ಕಳಿಸ್ಬಹುದಾ?"

"ಭಾವ ನಿನ್ನೆ ಸಂಜೆಯೆಲ್ಲ ಕೂತು ನೋಡಿದ್ದಾರೆ ಸರ್," ಎಂದಳು ನಾದಿನಿ ಹೆಮ್ಮೆಯಿಂದ. "ತಪ್ಪಿದ್ದಿದ್ರೆ ಹೇಳ್ದೆ ಬಿಡ್ತಿದ್ರಾ?"

ಡಬ್ಬಿರಾಯ ಕುರ್ಚಿಯಿಂದ ಎದ್ದ. "ನಿಲ್ಸಿ. ಒಳಗಿರೋದು ದೊಡ್ಡ ಪ್ರೊಸೆಸರ್‌ದು," ಎಂದ.

"ಯಾವಾಗ ಗೊತ್ತಾಯ್ತು ಭಾವ?"

"ನಿನ್ನೇನೇ."

ಅವಳು ಕಂಪ್ಯೂಟರ್ ಕಡೆ ತಿರುಗಿದಳು. ಬಿಟ್ಟುಹೋದ ಸಾಲು ಸೇರಿಸಿ ಮತ್ತೆ ಕಟ್ಟಲು ಕೂತಳು. ಹಿಂದೆ ನಿಂತವನ ಹಾಳು ಮನಸ್ಸು ಆಗಲೂ ಗಡಿಯಾರ ನೋಡುತ್ತಿತ್ತು: ಹನ್ನೆರಡು ನಿಮಿಷವಾದರೂ ಆಗಬಾರದೇ? ಹನ್ನೊಂದೇ ಆಯಿತು. ಈ ಸಲ ಮೇಜಿನ ಮೇಲಿದ್ದ ಪುಟ್ಟ ಯಂತ್ರದಲ್ಲೇ ಓಡಿಸಿದಳು. ಕಿರ್ರೆಂದು ಟಿಕೆಟ್ ಹೊರಬಂತು. ಅದನ್ನು ಹರಿದು ಅವನ ಕೈಗಿಟ್ಟಳು.

"ಸರಿ ಇದೆಯಾ ನೋಡ್ಬಿಡಿ, ಸರ್," ಎಂದಳು.