ಅಟ್ಟದ ಮೇಲಿನ ಮೂರು ಜಾದೂ ಪುಸ್ತಕಗಳು

ನನ್ನ ಗಂಡ ಜಾದೂಗಾರ. ಮೂವತ್ತು ವರ್ಷಗಳಿಂದ ರಾಜಾಜಿನಗರ, ವಿಜಯನಗರದ ಸುತ್ತಮುತ್ತ ಹುಟ್ಟುಹಬ್ಬ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳಲ್ಲಿ ಪ್ರದರ್ಶನ ಕೊಟ್ಟುಕೊಂಡು ಬಂದವರು. ನಾನು ಹೆಚ್ಚುಕಡಿಮೆ ಅಷ್ಟೇ ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿ ತಿದ್ದಿದವಳು. ಆದ್ದರಿಂದ ಕಳೆದ ವರ್ಷ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬಸವೇಶ್ವರನಗರದ ಒಂದು ಪಾರ್ಟಿ ಹಾಲ್, ಮಗುವೊಂದರ ಮೊದಲ ಹುಟ್ಟುಹಬ್ಬ. ಇವರು ಆನ್‌ಲೈನ್‌ನಲ್ಲಿ ತರಿಸಿದ ಹೊಸ ಸಾಧನವೊಂದನ್ನು ಅಂದು ಮೊದಲ ಸಲ ಬಳಸಿದರು. ಕೋಟಿನೊಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಮೋಟರು ಅದು. ಮುಷ್ಟಿಯಲ್ಲಿರುವ ಕರವಸ್ತ್ರವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆಳೆದುಕೊಳ್ಳುತ್ತದೆ. ಎದುರಿನಿಂದ ನೋಡಿದರೆ ಅದ್ಭುತ. ಇವರು ಮನೆಯ ಕನ್ನಡಿಯಲ್ಲಿ ನಾಲ್ಕು ದಿನ ನೋಡಿಕೊಂಡಿದ್ದರು. ಕನ್ನಡಿಯೂ ಎದುರಿಗೇ ಇತ್ತಲ್ಲ!

ಹಾಲಿನ ವೇದಿಕೆಯ ಹಿಂದೆ ಗೋಡೆಯಷ್ಟು ಎಲ್‌ಇಡಿ ಪರದೆ ಇತ್ತು, ಕ್ಯಾಮೆರಾ ಹಿಡಿದದ್ದೆಲ್ಲ ಆ ಕ್ಷಣವೇ ಅದರ ಮೇಲೆ ಮೂಡುತ್ತಿತ್ತು. ವಿಡಿಯೊ ತೆಗೆಯುವವನು ನಗುವ ಮಕ್ಕಳ ಮುಖ ಹಿಡಿಯಲೆಂದು ವೇದಿಕೆ ಹತ್ತಿ ಇವರ ಬೆನ್ನ ಹಿಂದೆ ನಿಂತ. ಪರದೆಯ ತುಂಬ ಇವರ ಬೆನ್ನು ಮೂಡಿತು. ಕೋಟಿನ ಅಂಚಿನಿಂದ ಗೇಣುದ್ದ ಹಳದಿ ಕರವಸ್ತ್ರ ಇಳಿಬಿದ್ದು ಅಲ್ಲಾಡುತ್ತಿತ್ತು. ಪರದೆಗೆ ಬೆನ್ನು ಹಾಕಿ ನಿಂತಿದ್ದ ಇವರಿಗೆ ಮಾತ್ರ ಅದು ಕಾಣಿಸಲಿಲ್ಲ.

“ಅಂಕಲ್‌ಗೆ ಬಾಲ! ಬಾಲ ಬಂತು!” ಎಂದು ಮಕ್ಕಳು ಕುಣಿದವು.

ಇವರು ಅದನ್ನು ಮೆಚ್ಚುಗೆ ಎಂದುಕೊಂಡು ಬಾಗಿ ನಮಸ್ಕರಿಸಿದರು. ಬಾಗಿದಾಗ ಇನ್ನೂ ಚೆನ್ನಾಗಿ ಕಂಡಿತು.

ಮರುದಿನ ಫೋನ್ ಬಂತು. ಇವರಿಗೆ ಈಗ ಸಿಗುವ ಕಾರ್ಯಕ್ರಮಗಳೆಲ್ಲ ಸಮಾರಂಭಗಳನ್ನು ವಹಿಸಿಕೊಂಡು ನಡೆಸುವ ಒಬ್ಬಳೇ ಹುಡುಗಿಯ ಮೂಲಕ ಬರುತ್ತವೆ. ಅವಳು ಕರೆದರೆ ಕೆಲಸ, ಇಲ್ಲವಾದರೆ ಇಲ್ಲ.

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ಆ ವಿಡಿಯೊ ಮಗು ಮನೆಯವ್ರ ಫ್ಯಾಮಿಲಿ ಗ್ರೂಪಲ್ಲೆಲ್ಲ ಓಡಾಡ್ತಾ ಇದೆ. ಮುಂದಿನ ಭಾನುವಾರ ಕೆಂಗೇರಿಲಿ ಅವ್ರ ಅಜ್ಜಿದು ಎಪ್ಪತ್ತೈದನೇ ಬರ್ತ್‌ಡೇ. ಅದಕ್ಕೂ ನಿಮ್ಮನ್ನೇ ಹೇಳ್ಬಿಟ್ಟಿದೀನಿ. ಇನ್ನೊಂದ್ಸಲ ಹಿಂಗಾದ್ರೆ ನಾನು ನಿಮ್ಮನ್ನ ಎಲ್ಲೂ ಕರಿಯಕ್ಕಾಗಲ್ಲ.”

“ಕ್ಯಾಮೆರಾದೋನ್ನ ಕೆಳಗೇ ನಿಲ್ಸಮ್ಮ.”

“ಅದು ನನ್ ಕೈಲಿಲ್ಲ ಅಂಕಲ್. ಈಗ ಮದ್ವೆ ಗಂಡೇ ಕ್ಯಾಮೆರಾದವ್ರು ಹೇಳ್ದಂಗೆ ಕೇಳ್ತಾನೆ.”

ಇಷ್ಟಾದ ಮೇಲೆ ಇವರು ಮಾಡಿದ್ದೇನು? ಇನ್ನೊಂದು ಸಾಧನ ತರಿಸಿದರು. ಡಬ್ಬಿಯಲ್ಲಿ ಸೂಚನೆಯ ಹಾಳೆ ಕೂಡ ಇರಲಿಲ್ಲ, ಒಂದು ಕ್ಯೂಆರ್ ಕೋಡ್ ಇತ್ತು. ಅದನ್ನು ತೆರೆದರೆ ವಿಡಿಯೊ. ಯಾವುದೋ ದೇಶದ ಒಬ್ಬ ತರುಣ ತನ್ನ ಕೋಣೆಯಲ್ಲಿ, ಅಲುಗಾಡದ ಒಂದೇ ಕ್ಯಾಮೆರಾದ ಮುಂದೆ ಕೂತು ಮಾಡುತ್ತಿದ್ದ.

“ಇದು ಬೇರೆ ಥರ ಕಣೇ. ರಿಮೋಟ್ ಇದೆ.”

“ಹಿಂದಿನಿಂದ ನೋಡಿದ್ರೆ?”

“ಹಿಂದಿನಿಂದ ತೋರ್ಸಿಲ್ಲ.”

“ಯಾಕೆ ತೋರ್ಸಿಲ್ಲ ಅಂತ ಒಂದ್ನಿಮಿಷ ಯೋಚ್ನೆ ಮಾಡ್ರೀ.”

“ನಿಂದೊಳ್ಳೆ ತಪ್ಪು ಹುಡುಕೋ ಬುದ್ಧಿ ಆಯ್ತು.”

ತಲೆ ಚಚ್ಚಿಕೊಳ್ಳುವಂತಾಯಿತು. ಏಕೆಂದರೆ ನಮ್ಮ ಅಡುಗೆಮನೆಯ ಅಟ್ಟದ ಮೇಲೆ, ಹಳೆಯ ಕುಕ್ಕರಿನ ಪಕ್ಕ, ಮೂರು ಪುಸ್ತಕಗಳಿದ್ದವು. ಇವರ ಗುರುಗಳು ಕೊಟ್ಟವು. ಗುರುಗಳು ಬಿನ್ನಿಪೇಟೆಯ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಗಣೇಶನ ಹಬ್ಬದಲ್ಲಿ ಕಾರ್ಮಿಕರ ವಠಾರಗಳಲ್ಲಿ ಜಾದೂ ಮಾಡುತ್ತಿದ್ದರು. ಅಲ್ಲಿ ವೇದಿಕೆಯೂ ಇಲ್ಲ, ಪರದೆಯೂ ಇಲ್ಲ, ಜನ ನಾಲ್ಕೂ ಕಡೆ ಕೂರುತ್ತಿದ್ದರು, ಕೆಲವರು ಮಹಡಿಯ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಪುಸ್ತಕಗಳು ಇಂಗ್ಲಿಷಿನವು. ಗುರುಗಳಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಗಿರಣಿಯ ಗುಮಾಸ್ತರೊಬ್ಬರಿಂದ ಓದಿಸಿ, ಅರ್ಥ ಕೇಳಿ, ತಾವು ಮಾಡಿ ನೋಡಿದ ಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿಡುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನ ಗಂಡ ಈ ಪುಸ್ತಕಗಳಿಗೆ ಮಾಡಿದ ಸೇವೆಯೆಂದರೆ ಆಯುಧಪೂಜೆಯ ದಿನ ಕೆಳಗಿಳಿಸಿ, ಕುಂಕುಮ ಹಚ್ಚಿ, ಮತ್ತೆ ಮೇಲಿಡುವುದು.

ಆ ಮಂಗಳವಾರ ಸ್ಟೂಲು ಹಾಕಿಕೊಂಡು ನಾನೇ ಇಳಿಸಿದೆ. ನನಗೆ ಜಾದೂ ಬರದು, ಓದಲು ಬರುತ್ತದೆ. ಅರ್ಧದಷ್ಟು ಪುಟಗಳು ಇಂದು ಕೆಲಸಕ್ಕೆ ಬಾರವು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನೆಲ ಮುಟ್ಟುವ ಬಟ್ಟೆ ಹೊದಿಸಿದ ಮೇಜು ಬೇಕು, ಎತ್ತರದ ಟೋಪಿ ಬೇಕು, ಸೀಮೆಎಣ್ಣೆ ದೀಪ ಬೇಕು. ವಾಕ್ಯಗಳೋ ಒಂದೊಂದೂ ಗೂಡ್ಸ್ ಗಾಡಿ. ನನ್ನ ಕೈಗೆ ಬಂದಿದ್ದರೆ ಮೂರಾಗಿ ಕತ್ತರಿಸುತ್ತಿದ್ದೆ. ಆದರೆ ಉಳಿದ ಅರ್ಧದಲ್ಲಿ ಊಹೆಯ ಮಾತು ಒಂದೂ ಇರಲಿಲ್ಲ. ಮೊದಲ ಸಾಲಿನ ಕುರ್ಚಿ ಎಷ್ಟು ದೂರವಿರಬೇಕು, ಎಡಗಡೆ ಕೂತವರು ಎದ್ದು ನಿಂತರೆ ಏನು ಮಾಡಬೇಕು, ಕೈ ತಪ್ಪಿದರೆ ಯಾವ ಮಾತಾಡಿ ಯಾವ ಆಟಕ್ಕೆ ಜಾರಿಕೊಳ್ಳಬೇಕು, ಎಲ್ಲವೂ ಇತ್ತು. ಸಿಕ್ಕಿಬಿದ್ದು, ನಗೆಪಾಟಲಾಗಿ, ಮರುದಿನ ಅದೇ ಊರಿನಲ್ಲಿ ಮತ್ತೆ ಆಡಬೇಕಾಗಿ ಬಂದವನು ಮಾತ್ರ ಬರೆಯಬಹುದಾದ ಸೂಚನೆಗಳು. ಅವುಗಳ ಪಕ್ಕದಲ್ಲಿ ಗುರುಗಳ ಪೆನ್ಸಿಲ್: ಸುತ್ತ ಜನ ಇದ್ದರೆ ಇದು ಬೇಡ, ಎರಡು ಸಲ ಸಿಕ್ಕಿಬಿದ್ದೆ.

ಎರಡನೆಯ ಪುಸ್ತಕದಲ್ಲಿ ದಾರದ ಆಟವೊಂದಿತ್ತು. ದಾರವನ್ನು ಚೂರುಚೂರು ಮಾಡಿ ಮತ್ತೆ ಒಂದಾಗಿಸುವುದು. ಗುರುಗಳ ಟಿಪ್ಪಣಿ: ಎಲ್ಲ ಕಡೆಯಿಂದಲೂ ಸರಿ, ಬೆನ್ನ ಹಿಂದೆ ಕೂತವರಿಗೂ ತಿಳಿಯದು, ಆದರೆ ದಾರ ಸಣ್ಣದು, ಮೂರನೇ ಸಾಲಿನವರಿಗೆ ಕಾಣುವುದಿಲ್ಲ.

ಪುಟ ತೆರೆದು ಇವರ ಮುಂದಿಟ್ಟೆ.

“ಇದಾ? ಇದು ಅಜ್ಜನ ಕಾಲದ್ದು ಕಣೇ. ಹಾಲಲ್ಲಿ ಯಾರಿಗ್ ಕಾಣುತ್ತೆ ದಾರ?”

“ನಿಮ್ ಬಾಲ ಕಂಡಿತ್ತಲ್ಲ, ಹಂಗೇ ಕಾಣುತ್ತೆ.”

ಇವರು ಕಾಫಿ ಮುಗಿಸಿದರು. ಆಮೇಲೆ ಕನ್ನಡಕ ಹುಡುಕಿದರು.

ಬುಧವಾರದಿಂದ ಶನಿವಾರದವರೆಗಿನ ವಿವರ ಸಂಕ್ಷಿಪ್ತವಾಗಿ: ಮಾರೇನಹಳ್ಳಿಯ ಅಂಗಡಿಯಿಂದ ಕೆಂಪು ದಾರದ ಉಂಡೆಗಳು ಬಂದವು. ಸೋಫಾದಲ್ಲಿ, ಕಾಲೊರಸಿನಲ್ಲಿ, ಒಮ್ಮೆ ಸಾರಿನಲ್ಲಿ ದಾರದ ಚೂರು ಸಿಕ್ಕಿತು. ಪುಸ್ತಕದಲ್ಲಿ ಎಡಗೈ ಎಂದಿದ್ದನ್ನು ಇವರು ಬಲಗೈಯಲ್ಲಿ ಮಾಡಿ, ಪುಸ್ತಕವೇ ತಪ್ಪು ಎಂದು ಎರಡು ದಿನ ವಾದಿಸಿದರು. ಮೂರನೆಯ ದಿನ ಎಡಗೈಯಲ್ಲಿ ಮಾಡಿದರು, ಆಟ ಕೂಡಿಬಂತು. ವಾದ ಸೋತದ್ದನ್ನು ಮಾತ್ರ ಒಪ್ಪಲಿಲ್ಲ. ಸಿಕ್ಕಿಬೀಳದ ಆಟದ ಗುಟ್ಟು ಬರೆಯುವಂತಿಲ್ಲ. ಮದುವೆಯಾದಾಗ ಕೊಟ್ಟ ಮಾತು.

ಭಾನುವಾರ ಕೆಂಗೇರಿಯ ಹಾಲಿನಲ್ಲೂ ಅದೇ ಬಗೆಯ ಪರದೆ, ಅದೇ ವಿಡಿಯೊದವನು. ಇವರು ವೇದಿಕೆ ಹತ್ತಿದ ಕೂಡಲೇ ಹುಡುಗರ ಗುಂಪು “ಬಾಲ ಅಂಕಲ್ ಬಂದ್ರು!” ಎಂದಿತು. ಸಮಾರಂಭದ ಹುಡುಗಿ ಕಂಬದ ಪಕ್ಕ ಕೈಕಟ್ಟಿ ನಿಂತಿದ್ದಳು. ನಾನು ಕೊನೆಯ ಸಾಲಿನಲ್ಲಿದ್ದೆ.

ಇವರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಅಂಗಿಯ ತೋಳು ಮಡಚಿ, ವೇದಿಕೆಯ ಮೇಲೆ ಕೂತಿದ್ದ ಅಜ್ಜಿಯ ಪಕ್ಕ ಕೂತರು. ವಿಡಿಯೊದವನನ್ನು ತಾವೇ ಕರೆದರು. “ಅಣ್ಣ, ಹತ್ರ ಬನ್ನಿ. ಇನ್ನೂ ಹತ್ರ. ನಾಚ್ಕೋಬೇಡಿ.”

ಪರದೆಯ ಮೇಲೆ ಕೆಂಪು ದಾರ ಬಾವಿ ಹಗ್ಗದಷ್ಟು ದಪ್ಪವಾಗಿ ಕಂಡಿತು. ಅಜ್ಜಿಯ ಬೆರಳುಗಳು ಅದನ್ನು ತುಂಡು ಮಾಡಿದವು. ಮತ್ತೆ ತುಂಡು ಮಾಡಿದವು.

“ಎಲ್ಲಾ ಹರಿದ್ಹಾಕ್ಸಿದ್ಯಲ್ಲಪ್ಪ. ಇನ್ನು ಯಾರು ಕೂಡಿಸ್ತಾರೆ?” ಎಂದರು ಅಜ್ಜಿ.

“ನೀವೇ ಅಮ್ಮ. ಊದಿ.”

“ಹಿಂದಿಂದ ತೋರ್ಸಿ! ಹಿಂದಿಂದ ತೋರ್ಸಿ!” ಎಂದು ಹುಡುಗರು ಕೂಗಿದರು. ವಿಡಿಯೊದವನು ನಕ್ಕು ಇವರ ಬೆನ್ನ ಹಿಂದೆ ಹೋದ. ಇವರ ಅಂಗಿಯ ಬೆವರು ಕಂಡಿತು, ಬೇರೇನೂ ಇರಲಿಲ್ಲ. ಅವನು ಪೂರ್ತಿ ಒಂದು ಸುತ್ತು ಬಂದು ಮತ್ತೆ ಎದುರಿಗೆ ನಿಲ್ಲುವ ಹೊತ್ತಿಗೆ ಅಜ್ಜಿ ಊದಿದ್ದರು. ಇವರು ನಿಧಾನವಾಗಿ ಎಳೆದರು. ದಾರ ಒಂದೇ ಆಗಿ ಬಿಚ್ಚಿಕೊಂಡಿತು. ಊಟದ ಹಾಲಿಗೆ ಹೊರಟಿದ್ದವರು ಬಾಗಿಲಲ್ಲೇ ನಿಂತರು. ಅಜ್ಜಿ ಆ ದಾರವನ್ನು ಬೆರಳಿಗೆ ಸುತ್ತಿಕೊಂಡು, ಮರಳಿ ಕೊಡುವುದಿಲ್ಲ ಎಂದರು.

ಹುಡುಗಿ ಓಡಿ ಬಂದಳು. “ಅಂಕಲ್, ಸೂಪರ್! ಇದ್ಯಾವ ಸೈಟಲ್ಲಿ ಸಿಗ್ತು?”

“ನಂದೇ ಐಟಂ ಅಮ್ಮ,” ಎಂದರು ನನ್ನ ಗಂಡ, ನನ್ನ ಎದುರೇ.

“ಮುಂದಿನ ತಿಂಗಳು ಎರಡು ಪ್ರೋಗ್ರಾಮ್ ಇದೆ, ನೀವೇ ಬರ್ಬೇಕು. ಆದ್ರೆ ಇದೇ ಬೇಡ ಅಂಕಲ್, ಇವ್ರ ನೆಂಟ್ರೇ ಇರ್ತಾರೆ ಅಲ್ಲೂ.”

ಮನೆಗೆ ಮರಳುವಾಗ ಮೆಟ್ರೊದಲ್ಲಿ ಕೂರಲು ಜಾಗ ಸಿಕ್ಕಿತು. ಒಂದು ನಿಲ್ದಾಣ ಕಳೆದ ಮೇಲೆ ಇವರು ನನ್ನ ಕಡೆ ವಾಲಿದರು.

“ಆ ಪುಸ್ತಕಗಳಲ್ಲಿ ಇಂಥವು ಇನ್ನೆಷ್ಟಿವೆ?”

“ಓದಿ ನೋಡಿ.”

“ನೀನು ಹೆಂಗೂ ಓದಿದೀಯಲ್ಲ. ಬಾಯಲ್ಲಿ ಹೇಳ್ಬಿಡು, ಸಾಕು.”

ನಾನು ಕಿಟಕಿಯ ಕಡೆ ತಿರುಗಿ ಒಂದು ಪುಟಸಂಖ್ಯೆ ಹೇಳಿದೆ. ಯಾವ ಪುಸ್ತಕದ್ದೆಂದು ಹೇಳಲಿಲ್ಲ.