ಗೊಬ್ಬರದ ಕೋಣೆಯ ಬೀಗದ ಕೈ

ದೊಡ್ಡವನಿಗೆ ತಮ್ಮನನ್ನು ಕಂಡರೆ ಅಷ್ಟಕ್ಕಷ್ಟೇ. ಅಷ್ಟಕ್ಕಷ್ಟೇ ಎಂದರೆ ಮರ್ಯಾದೆಯ ಮಾತಾಯಿತು. ಆ ಮೈಗಳ್ಳನನ್ನು ನೆನೆದರೆ ಸಾಕು, ಅವನ ಮೂಗು ತಾನಾಗಿ ಸೊಟ್ಟಗಾಗುತ್ತಿತ್ತು. ಬಿಸಿಲು ಬೆನ್ನಿಗೆ ಬಡಿದ ಮೇಲೇ ಏಳುವ ಗಂಡಸು! ಮನೆಯಲ್ಲಿ ಅವನಿಗೆ ಗೊರಕೆ ಎಂದೇ ಹೆಸರು.

ವಯಸ್ಸಾದ ಅಪ್ಪ ಆ ವರ್ಷ ಹೊಲವನ್ನು ಅರ್ಧರ್ಧ ಮಾಡಿ ಇಬ್ಬರಿಗೂ ಒಂದೇ ಬಾರ್ಲಿ ಬೀಜ ಕೊಟ್ಟರು. "ಯಾರ ಬಾರ್ಲೀನ ಬಿಯರಿಗೆ ಮಾಲ್ಟ್ ಮಾಡೋ ಕಾರ್ಖಾನೆಯವರು ತಗೋತಾರೋ, ಇನ್ಮೇಲೆ ಅವನೇ ಬೇಸಾಯದ ಯಜಮಾನ. ಇನ್ನೊಬ್ಬ ಅವನು ಹೇಳಿದ ಹಾಗೆ ಕೇಳ್ಕೊಂಡು ಬಿದ್ದಿರಬೇಕು."

ದೊಡ್ಡವನಿಗೆ ನಗು ತಡೆಯಲಾಗಲಿಲ್ಲ. ಗೊಬ್ಬರದ ಕೋಣೆಯ ಬೀಗದ ಕೈ ಮೀಸೆ ಮೂಡಿದಂದಿನಿಂದ ಅವನ ಸೊಂಟದ ದಾರದಲ್ಲೇ ಇತ್ತು. ಈ ಗೊರಕೆಯ ಜೊತೆ ಪೈಪೋಟಿಯಂತೆ! ಥೂ!

ಬಿತ್ತುವಾಗ ಇಬ್ಬರೂ ಗೊಬ್ಬರ ಹಾಕಿದರು. ಪೈರು ಮೊಣಕಾಲಿನವರೆಗೆ ಬಂದಾಗ ದೊಡ್ಡವನು ಯೂರಿಯಾ ಎರಚಿದ. ತೆನೆ ಹೊರಬಂದ ಮೇಲೂ ಸಮಾಧಾನವಾಗದೆ ಮತ್ತೊಮ್ಮೆ ಎರಚಿದ. ಹೊಲ ಕಡುಹಸಿರಾಯಿತು. ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡುತ್ತಿದ್ದರು, ಇವನು ಬದುವಿನ ಮೇಲೆ ನಿಂತು ಬೀಗುತ್ತಿದ್ದ. ಪಕ್ಕದಲ್ಲಿ ಗೊರಕೆಯ ಪೈರು ಬಡಕಲು. ಕಾಳು ಕಟ್ಟುವ ಹೊತ್ತಿಗೇ ಕೆಳಗಿನ ಎಲೆಗಳು ಹಳದಿ.

"ಏನೋ ಇದು, ಪೈರಿಗೆ ಕಾಮಾಲೆ ಬಂದಿದೆಯಾ?"

"ಇರಬಹುದು ಅಣ್ಣ" ಎಂದು ಅವನು ಆಕಳಿಸಿದ.

ಕೊಯ್ಲಾದ ಮೇಲೆ ಮೂವರೂ ಒಂದೇ ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಗೆ ಹೋದರು. ತೂಕದ ಕಟ್ಟೆಯ ಪಕ್ಕದ ಧೂಳು ಹಿಡಿದ ಕೋಣೆಯಲ್ಲಿ ಪರೀಕ್ಷೆ ಮಾಡುವ ಹೆಂಗಸು ದೊಡ್ಡವನ ಒಂದು ಹಿಡಿ ಕಾಳನ್ನು ಯಂತ್ರಕ್ಕೆ ಸುರಿದಳು.

"ಪ್ರೋಟೀನ್ ಜಾಸ್ತಿ. ದನಕ್ಕೆ ಹಾಕಿ, ಮಾಲ್ಟಿಗೆ ಬರಲ್ಲ."

"ಸರಿಯಾಗಿ ನೋಡಿ ಮೇಡಂ! ಎಷ್ಟು ಹಸಿರಾಗಿತ್ತು ಗೊತ್ತಾ?"

"ತೆನೆ ಬಂದ ಮೇಲೆ ಯೂರಿಯಾ ಹಾಕಿದ್ರಾ? ಆಗ ಅದರಿಂದ ಇಳುವರಿ ಏನೂ ಹೆಚ್ಚಲ್ಲ. ಯೂರಿಯಾದಿಂದ ಬೇರು ಹೀರಿದ ಸಾರಜನಕ, ಎಲೆಯಲ್ಲಿ ಮೊದಲೇ ಇದ್ದದ್ದು, ಎಲ್ಲಾ ಕಾಳಿಗೇ ಹೋಗಿ ಪ್ರೋಟೀನ್ ಆಗುತ್ತೆ. ನಮಗೆ ಬೇಕಾಗಿರೋದು ಪಿಷ್ಟ."

ಗೊರಕೆಯ ಕಾಳು ಒಂದೇ ಸಲಕ್ಕೆ ಪಾಸಾಯಿತು.

ದೊಡ್ಡವನ ಮುಖ ಕಪ್ಪಿಟ್ಟಿತು. "ಯಾವಾಗ ಏನು ಹಾಕಿದೆಯೋ? ನಿಜ ಹೇಳು."

"ಬಿತ್ತಿದ ಮೇಲೆ ಏನೂ ಹಾಕಿಲ್ಲ ಅಣ್ಣ. ಹಾಕಬೇಕು ಅಂತಾನೇ ಇದ್ದೆ, ನಿದ್ದೆ ಬಂದ್ಬಿಡ್ತು."

ಗೆದ್ದವನನ್ನಾದರೂ ಅಪ್ಪ ಹೊಗಳಿದರೇ? ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಮುಖ ಕಿವುಚಿದರು. "ನಿನ್ನ ಜಂಬಕ್ಕೂ ಇವನ ಸೋಮಾರಿತನಕ್ಕೂ ನಡುವೆ ಒಬ್ಬ ಮನುಷ್ಯ ಹುಟ್ಟಲಿಲ್ಲವಲ್ಲ ನನಗೆ! ಆಡಿದ ಮಾತು ಆಡಿದ್ದೇ. ಬೀಗದ ಕೈ ಕೊಡು ಅವನಿಗೆ."

"ಮನೆಗೆ ಹೋದ ಮೇಲೆ..."

"ಈಗಲೇ."

ಸೊಂಟದ ಗಂಟು ಎಷ್ಟೋ ವರ್ಷದ್ದು, ಬಿಚ್ಚಲಿಲ್ಲ. ಮೂಟೆ ಬಿಚ್ಚುವ ಚಾಕು ಕೇಳಿ ಪಡೆದು ಕತ್ತರಿಸಬೇಕಾಯಿತು. ಅಷ್ಟರಲ್ಲಿ ಹೊಸ ಯಜಮಾನ ಮೂಟೆಗೆ ಒರಗಿ ಕಣ್ಣು ಮುಚ್ಚಿಯಾಗಿತ್ತು. ಅಂಗೈಯಲ್ಲಿಟ್ಟ ಬೀಗದ ಕೈ ಜಾರಿ ನೆಲಕ್ಕೆ ಬಿತ್ತು. ದೊಡ್ಡವನು ಬಗ್ಗಿ ಎತ್ತಿ, ಧೂಳು ಒರೆಸಿ, ತಮ್ಮನ ಅಂಗಿಯ ಜೇಬಿಗೆ ಹಾಕಿದ.

"ಏಳೋ..." ಎಂದವನು ಅಪ್ಪನ ಕಡೆ ನೋಡಿ ದನಿ ತಗ್ಗಿಸಿದ. "ಏಳಪ್ಪಾ. ಟ್ರ್ಯಾಕ್ಟರ್ ತೆಗೀಲಾ?"

ಗೊರಕೆ ಕಣ್ಣು ತೆರೆಯದೆಯೇ "ಹೂಂ" ಎಂದ.