ಮನೆಯೊಳಗೆ ಬಂದ ಮರ

ಇವತ್ತು ಬೆಳಿಗ್ಗೆ ಬಸ್ ಸ್ಟಾಪಿನ ಹತ್ತಿರ ಮರದ ಕೊಂಬೆಗಳನ್ನು ಕತ್ತರಿಸುತ್ತಿದ್ದರು. ಹಸಿ ಮರದ ವಾಸನೆ ಬೀದಿಯ ತುಂಬ ಹರಡಿತ್ತು. ಉಳಿದವರೆಲ್ಲ ಯಂತ್ರದ ಸದ್ದಿಗೆ ಮುಖ ಕಿವುಚುತ್ತಿದ್ದರೆ, ನಾನು ಬಂದ ಬಸ್ಸನ್ನೂ ಬಿಟ್ಟು ಅಲ್ಲೇ ನಿಂತೆ. ಮಲ್ಲಿಗೆಯ ಪರಿಮಳಕ್ಕೆ ಕಣ್ಣು ತೇವವಾಗುವವರನ್ನು ನೀವು ಕಂಡಿರಬಹುದು. ಗರಗಸದ ಹೊಟ್ಟಿನ ವಾಸನೆಗೆ ಕಣ್ಣು ತೇವವಾಗುವ ಹೆಂಗಸು ಈ ಹ್ಯಾಂಬರ್ಗಿನಲ್ಲಿ ಬಹುಶಃ ನಾನೊಬ್ಬಳೇ. ನಗಬೇಡಿ, ಕಾರಣ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಚಳಿಗಾಲ. ಅದರ ಹಿಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಗಂಡ ತೀರಿಕೊಂಡಿದ್ದರು. ಮಳೆಗಾಲ ಅಂದೆ, ನೋಡಿ. ವರ್ಷವಿಡೀ ಮಳೆ ಜಿನುಗುವ ಊರಿನಲ್ಲಿ ಇಷ್ಟು ವರ್ಷ ಇದ್ದರೂ ನನ್ನ ಲೆಕ್ಕ ಉಡುಪಿಯದ್ದೇ. ಬಂದರಿನ ಕಂಪನಿಯೊಂದರ ಕೆಲಸಕ್ಕೆ ಅವರು ಬಂದಿದ್ದರು, ಅವರ ಹಿಂದೆ ನಾನು. ಜರ್ಮನ್ ಭಾಷೆಯಲ್ಲಿ ಆಗಬೇಕಾದದ್ದೆಲ್ಲ ಅವರ ಪಾಲಿಗೆ. ನನಗೆ ಬೇಕರಿಯಲ್ಲಿ ಬ್ರೆಡ್ ಕೇಳುವಷ್ಟು ಬಂದರೆ ಸಾಕಿತ್ತು. ಗ್ರಂಥಾಲಯವೊಂದರಲ್ಲಿ ಪುಸ್ತಕ ಜೋಡಿಸುವ ಅರ್ಧ ದಿನದ ಕೆಲಸ ನನಗಿತ್ತು, ಈಗಲೂ ಇದೆ. ಪುಸ್ತಕಗಳು ತಿರುಗಿ ಏನೂ ಕೇಳುವುದಿಲ್ಲ, ಅದೇ ಅನುಕೂಲ.

ಮಗಳು ಅನಘಾ ಯೇನಾ ಎಂಬ ಇನ್ನೊಂದು ಊರಿನಲ್ಲಿ ಸಂಶೋಧನೆ ಮಾಡುತ್ತಾಳೆ. ಅಪ್ಪ ಹೋದ ಮೇಲೆ ಅವಳದು ಒಂದೇ ರಾಗ. "ಅಮ್ಮಾ, ಅಲ್ಲಿ ಅಲೈನ್ ಕೂತು ಎಂತ ಮಾಡ್ತಿ? ಬಾಡಿಗೆ ಮನೆ ಬಿಡ್ತೇನೆ ಅಂತ ನೋಟಿಸ್ ಕೊಡು, ಇಲ್ಲಿಗೆ ಬಾ." ಅಲೈನ್ ಅಂದರೆ ಒಂಟಿಯಾಗಿ. ಆ ಶಬ್ದವನ್ನು ಕನ್ನಡದಲ್ಲಿ ಹೇಳಲು ಅವಳಿಗೂ ಕಷ್ಟವಾಗುತ್ತಿತ್ತು ಎಂದು ಕಾಣುತ್ತದೆ. ಆ ತಿಂಗಳು ಮುಗಿಯುವುದರೊಳಗೆ ನೋಟಿಸ್ ಕೊಡುತ್ತೇನೆ ಎಂದು ನಾನೂ ಒಪ್ಪಿಬಿಟ್ಟಿದ್ದೆ.

ಅಷ್ಟರಲ್ಲಿ ಒಂದು ದಿನ ಫೋನು ತಾನಾಗಿಯೇ ಕಿರುಚಿಕೊಂಡಿತು. ಓರ್ಕಾನ್ ಬರುತ್ತಿದೆ, ಹೊರಗೆ ಹೋಗಬೇಡಿ ಎಂಬ ಎಚ್ಚರಿಕೆ. ಓರ್ಕಾನ್ ಎಂದರೆ ಇಲ್ಲಿಯ ಚಂಡಮಾರುತ. ಗಂಡನಿದ್ದಾಗ ಇಂಥ ಎಚ್ಚರಿಕೆ ಬಂದರೆ ಅವರು ಕಿಟಕಿ ಭದ್ರಪಡಿಸುವುದು, ನಾನು ಚಹಾ ಮಾಡುವುದು, ಅಷ್ಟಕ್ಕೆ ನಮ್ಮ ತಯಾರಿ ಮುಗಿಯುತ್ತಿತ್ತು. ಈ ಸಲ ಎರಡೂ ನನ್ನದೇ. ಹೆದರಿಕೆಯಲ್ಲಿ ಕೊಡಪಾನ, ಕುಕ್ಕರು, ಇಡ್ಲಿ ಪಾತ್ರೆ, ಕೊನೆಗೆ ಹೂದಾನಿಗೂ ನೀರು ತುಂಬಿಸಿಟ್ಟೆ. ಟಾರ್ಚಿಗೆ ಹೊಸ ಬ್ಯಾಟರಿ ಹಾಕಿದೆ. ಬಾಲ್ಕನಿಯ ಹೂಕುಂಡಗಳನ್ನು ಒಳಗೆ ತಂದೆ. ಕರೆಂಟು ಹೋದರೆ ಇರಲಿ ಎಂದು ಚಪಾತಿ ಲಟ್ಟಿಸಿದೆ. ಎಲ್ಲ ಮುಗಿಸಿ ನೋಡುತ್ತೇನೆ, ಚಪಾತಿಯ ರಾಶಿ ಇಬ್ಬರಿಗಾಗುವಷ್ಟಿದೆ. ಮನೆಯಲ್ಲಿ ಒಬ್ಬರು ಕಡಿಮೆಯಾದ ಸುದ್ದಿ ನನ್ನ ಕೈಗಳಿಗೆ ಇನ್ನೂ ಮುಟ್ಟಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಗಾಳಿ ಎದ್ದಿತು. ನಾನು ಕಡಲ ಕರೆಯವಳು, ಗಾಳಿ ನನಗೆ ಹೊಸದಲ್ಲ. ಆದರೆ ಊರಿನ ಗಾಳಿಯಲ್ಲಿ ಪಕ್ಕದ ಮನೆಯವರ ಕೂಗಾಟವೂ ಕೇಳುತ್ತದೆ. ಇಲ್ಲಿ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕರೆಂಟು ಹೋಯಿತು. ನಾನು ಅಡುಗೆಮನೆಯಲ್ಲಿ ಕೂತಿದ್ದೆ. ಅಂಗಳದಲ್ಲಿ ಏನೋ ಸೀಳಿದಂತಾಯಿತು, ಕಟ್ಟಡವೇ ಅಲುಗಿತು. ಓಡಿ ಹೋಗಿ ನೋಡಿದರೆ ಅಂಗಳದ ದೊಡ್ಡ ಮರ ನಮ್ಮ ಗೋಡೆಗೆ ಒರಗಿಕೊಂಡಿದೆ, ಅದರ ಒಂದು ಕೊಂಬೆ ಬಾಲ್ಕನಿಯ ಗಾಜಿನ ಬಾಗಿಲನ್ನು ಒಡೆದು ಸೋಫಾದ ಮೇಲೆ ಮಲಗಿದೆ. ಗಂಡ ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ.

ಬೆಳಿಗ್ಗೆ ಗಾಳಿ ನಿಂತಿತು. ಫೋನಿನ ಚಾರ್ಜು ಇಳಿಯುತ್ತಿತ್ತು. ಅಗ್ನಿಶಾಮಕದವರ ಲೈನು ಸಿಗಲೇ ಇಲ್ಲ. ಕಟ್ಟಡ ನೋಡಿಕೊಳ್ಳುವ ಕಚೇರಿಗೆ ಫೋನು ಮಾಡಿದರೆ ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೊಬ್ಬಾಕೆ ಸಿಕ್ಕಳು. "ನಿಮಗೆ ಗಾಯವಾಗಿದೆಯೇ?" ಎಂದಳು. ಇಲ್ಲ ಎಂದೆ. "ಹಾಗಾದರೆ ಕಾಯಿರಿ." ಕನ್ನಡಿಗರ ವಾಟ್ಸಾಪ್ ಗುಂಪಿಗೆ ಕೊಂಬೆಯ ಚಿತ್ರ ಹಾಕಿದೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಈ ಊರಿನ ಆಚೆ ತುದಿಯಲ್ಲಿರುವ ಮಂಗಳೂರು ಕಡೆಯ ಲವೀನಾ ಮಾತ್ರ ಫೋನು ಮಾಡಿದಳು. "ಅಕ್ಕಾ, ಟ್ರೇನ್ ಎಲ್ಲ ಬಂದ್ ಉಂಟು ಮಾರಾಯ್ರೆ, ಇಲ್ಲದಿದ್ರೆ ಈಗಲೇ ಬರ್ತಿದ್ದೆ. ಕೆಳಗಿನ ಮನೆಯವ್ರಿಗೆ ಹೇಳಿದ್ರಾ?"

ಕೆಳಗಿನ ಮನೆಯವರು! ಅದು ನನಗೆ ಹೊಳೆದೇ ಇರಲಿಲ್ಲ. "ನನ್ನ ಹಾಲ್‌ನಲ್ಲಿ ಒಂದು ಮರ ಇದೆ" ಎಂಬುದನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡಿಕೊಂಡು ಇಳಿದೆ. ಮೊದಲ ಮಹಡಿಯ ಬಾಗಿಲು ತೆರೆಯಲಿಲ್ಲ. ನೆಲಮಹಡಿಯಲ್ಲಿ ಫ್ರಾವ್ ಲೊರೆಂಟ್ಸ್ ಎಂಬ ಮುದುಕಿ ಒಬ್ಬರೇ ಇದ್ದರು. ಅಷ್ಟು ವರ್ಷಗಳಲ್ಲಿ ಅವರಿಗೂ ನನಗೂ ಮೆಟ್ಟಿಲ ಬಳಿ "ಮೊಯಿನ್" ಎಂಬ ನಮಸ್ಕಾರ ಬಿಟ್ಟು ಬೇರೆ ಮಾತಾಗಿರಲಿಲ್ಲ. ಬಾಯಿಪಾಠ ಒಪ್ಪಿಸಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮರ ಎಲ್ಲಿಗೂ ಹೋಗುವುದಿಲ್ಲ. ಮೊದಲು ಹೇಳಿ, ಏನಾದರೂ ತಿಂದಿದ್ದೀರಾ?"

ಇಬ್ಬರ ಚಪಾತಿ ಮನೆಯಲ್ಲಿತ್ತು, ಆದರೆ ಒಂದನ್ನೂ ಮುಟ್ಟಿರಲಿಲ್ಲ. ಅವರು ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರು. ಆಮೇಲೆ ನೆಲಮಾಳಿಗೆಗೆ ಹೋಗಿ ಇಬ್ಬರು ಎಳೆಯುವ ಉದ್ದದ ಗರಗಸವೊಂದನ್ನು ಹಿಡಿದು ಬಂದರು. ಊರಾಚೆ ಅವರಿಗೊಂದು ತುಂಡು ತೋಟವಿತ್ತು, ಅಲ್ಲಿಯದಂತೆ. ಒಂದೊಂದೇ ಮೆಟ್ಟಿಲು ನಿಂತು ನಿಂತು ಹತ್ತಿದರು. ಗಾಜು ಗುಡಿಸಿ, ಸೋಫಾದ ಎರಡು ಬದಿಯಲ್ಲಿ ಇಬ್ಬರೂ ನಿಂತೆವು. ಒಬ್ಬಳು ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿದವಳು, ಇನ್ನೊಬ್ಬಳು ಉಸಿರಿಗೆ ತಡಕಾಡುವ ಮುದುಕಿ. ಯಾರಾದರೂ ನೋಡಿದ್ದರೆ ಪೊಲೀಸರಿಗೆ ಹೇಳುತ್ತಿದ್ದರು.

ನಾನು ಆವೇಶದಿಂದ ಗರಗಸವನ್ನು ನೂಕಿದೆ. ಅದು ಬಾಗಿ ಸಿಕ್ಕಿಕೊಂಡಿತು.

"ನೂಕಬೇಡಿ. ಎಳೆದು ಬಿಟ್ಟುಬಿಡಿ. ಆಮೇಲೆ ನಾನು ಎಳೆಯುತ್ತೇನೆ."

ಸ್ವಲ್ಪ ಹೊತ್ತಿಗೆ ಕೈ ಹದಕ್ಕೆ ಬಂತು. ಹೊಟ್ಟು ಸೋಫಾದ ಮೇಲೆ ಉದುರತೊಡಗಿತು. ಫ್ರಾವ್ ಲೊರೆಂಟ್ಸ್ ದಣಿವಾರಿಸಿಕೊಳ್ಳುತ್ತಾ ಕೇಳಿದರು.

"ನಿಮ್ಮ ಗಂಡ ಊರಿಗೆ ಹೋಗಿದ್ದಾರೆಯೇ? ಅಂಗಡಿಯಿಂದ ನನ್ನ ನೀರಿನ ಬಾಟಲಿಗಳ ಪೆಟ್ಟಿಗೆಯನ್ನು ಬಾಗಿಲ ತನಕ ತಂದಿಡುತ್ತಿದ್ದರು. ಬಹಳ ದಿನದಿಂದ ಕಾಣಲೇ ಇಲ್ಲ."

ಗಂಡ ನೀರು ತಂದಿಡುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅವರು ಸತ್ತದ್ದು ಈಕೆಗೆ ಗೊತ್ತಿರಲಿಲ್ಲ. ಒಂದೇ ಮೆಟ್ಟಿಲು ಹತ್ತಿ ಇಳಿಯುವ ನಾವು ಹೀಗೆ ಬದುಕಿದ್ದೆವು. ಅವರು ತೀರಿಕೊಂಡದ್ದನ್ನು ವ್ಯಾಕರಣವೆಲ್ಲ ತಪ್ಪಿದ ಜರ್ಮನ್‌ನಲ್ಲಿ ಹೇಳಿದೆ. ಆಕೆ ಗರಗಸದಿಂದ ಕೈ ತೆಗೆದರು.

"ನನಗೆ ಹೇಳಬಹುದಿತ್ತಲ್ಲ?"

"ಹೇಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ."

"ಈಗ ಹೇಳಿದಿರಿ. ನನಗೆ ಅರ್ಥವಾಯಿತು."

ಆಸ್ಪತ್ರೆಯಲ್ಲಿ, ಸುಡುವ ಜಾಗದಲ್ಲಿ, ಮಗಳ ಮುಂದೆ ಬಾರದ ಅಳು, ಆ ಕೊಂಬೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಗ ಬಂತು. ಆಕೆ ಸಮಾಧಾನ ಹೇಳಲಿಲ್ಲ. ನಾನು ಮೂಗು ಒರೆಸಿಕೊಂಡು ಹಿಡಿಯನ್ನು ಮತ್ತೆ ಹಿಡಿಯುವ ತನಕ ಕಾದರು, ಅಷ್ಟೇ.

ತೋಟದ ಮನೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ಬಾಲ್ಕನಿಯ ಬಾಗಿಲಿಗೆ ಬಿಗಿದೆವು. ಗಾಜು ಹಾಕುವವನು ಬರುವ ತನಕ ನಾನು ಕೆಳಗೆ ಫ್ರಾವ್ ಲೊರೆಂಟ್ಸ್ ಅವರ ಸೋಫಾದ ಮೇಲೆ ಮಲಗಿದೆ. ಗೋಡೆಯ ಆಚೆ ಅವರು ಕೆಮ್ಮುತ್ತಿದ್ದರು. ಎಷ್ಟೋ ತಿಂಗಳ ಮೇಲೆ, ಪಕ್ಕದ ಕೋಣೆಯಲ್ಲಿ ಒಂದು ಜೀವ ಕೆಮ್ಮುವುದನ್ನು ಕೇಳುತ್ತಾ ನಿದ್ದೆ ಹೋದೆ.

ರೈಲು ಓಡತೊಡಗಿದ್ದೇ ಅನಘಾ ಬಂದಳು. ಅಮ್ಮ ಅತ್ತು ಕೂತಿರುತ್ತಾಳೆ ಎಂದುಕೊಂಡಿದ್ದವಳಿಗೆ, ನೆಲಮಹಡಿಯಲ್ಲಿ ಆಲೂಗಡ್ಡೆ ಸೂಪಿಗೆ ಉಳಿದ ಚಪಾತಿ ಅದ್ದಿಕೊಂಡು ತಿನ್ನುವ ಇಬ್ಬರು ಹೆಂಗಸರು ಸಿಕ್ಕರು.

"ಅಮ್ಮಾ, ಸಾಕಲ್ವಾ ಇನ್ನು? ಪ್ಯಾಕ್ ಮಾಡುವನಾ?"

"ಈಗ ಬೇಡ ಮಗಾ. ತೋಟದಲ್ಲಿ ಬೀಜ ಹಾಕ್ಲಿಕ್ಕುಂಟಂತೆ, ಇವ್ರಿಗೆ ಬಗ್ಗಲಿಕ್ಕಾಗುದಿಲ್ಲ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನಾನು ನೋಟಿಸ್ ಕೊಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಫ್ರಾವ್ ಲೊರೆಂಟ್ಸ್ ಹೋಗಿಬಿಟ್ಟರು. ನನಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಬೆಳಗಿನ ಕಾಫಿಗೆ ಬಾಗಿಲು ತಟ್ಟಿದವಳು ನಾನೇ. ಅವರ ಮನೆಗೆ ಈಗ ಬೇರೊಬ್ಬರು ಬಂದಿದ್ದಾರೆ, ಕಪ್ಪು ಕೋಟಿನ ನಡುವಯಸ್ಸಿನ ಗಂಡಸು. ತಲೆ ತಗ್ಗಿಸಿ ಹೋಗುತ್ತಾರೆ. ನಾನೂ ಕೆಲವು ತಿಂಗಳು ತಲೆ ತಗ್ಗಿಸಿಯೇ ಹೋದೆ. ಆ ಬಾಗಿಲಿನಿಂದ ಬೇರೆ ಮುಖ ಹೊರಬರುವುದನ್ನು ನೋಡಲು ಮನಸ್ಸಿರಲಿಲ್ಲ.

ಇವತ್ತು ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಫೋನು ಮತ್ತೆ ಕಿರುಚಿತು. ನಾಳೆ ಗಾಳಿಯಂತೆ. ಬಿಟ್ಟ ಚಪ್ಪಲಿಯನ್ನೇ ಮೆಟ್ಟಿಕೊಂಡು ಕೆಳಗಿಳಿದೆ. ಗಂಟೆ ಒತ್ತಿದೆ. ಆತ ಬಾಗಿಲನ್ನು ಅರ್ಧ ತೆರೆದರು.

"ಏನಾದರೂ ಬೇಕಿತ್ತೇ?"

"ಏನೂ ಬೇಡ. ನಾನು ಎರಡನೇ ಮಹಡಿಯವಳು. ಒಬ್ಬಳೇ ಇದ್ದೇನೆ. ನಾಳೆ ಗಾಳಿ ಬರುತ್ತದಲ್ಲ, ಹೇಳಿ ಹೋಗೋಣ ಅಂತ ಬಂದೆ."

ಅವರ ಹಿಂದೆ, ಒಳಗೆ, ಇನ್ನೂ ಬಿಚ್ಚದ ಪೆಟ್ಟಿಗೆಗಳು ಗೋಡೆಯುದ್ದಕ್ಕೂ ನಿಂತಿದ್ದವು.

"ನಾನೂ ಒಬ್ಬನೇ" ಎಂದರು. ಬಾಗಿಲು ಇನ್ನಷ್ಟು ತೆರೆಯಿತು.